ಒಂದು ಇಂಗ್ಲಿಷ್ ಹಾಡಿಗೆ ಅವರು ಹೇಳಿದ ಕಥೆಗಳು

ನಮ್ಮ ಯಜಮಾನರಿಗೆ ಅರವತ್ತರ ದಶಕದ ಒಂದು ಇಂಗ್ಲಿಷ್ ರಾಕ್ ಹಾಡೆಂದರೆ ಪ್ರಾಣ. ನಾವು ಗಲ್ಫಿನಲ್ಲಿರುವವರು; ಅವರ ಕೆಲಸ ದೂರದ ದುಕ್ಮ್ ಬಂದರಿನಲ್ಲಿ. ಗುರುವಾರ ಸಂಜೆ ಕಂಪನಿ ಬಸ್ಸಿನಲ್ಲಿ ಸೀಬ್‌ನ ಮನೆಗೆ ಬಂದರೆ ಶನಿವಾರ ವಾಪಸ್ಸು. ಶುಕ್ರವಾರ ತರಕಾರಿಗೆಂದು ಬರ್ಕಾ ಮಾರುಕಟ್ಟೆಗೆ ಹೋಗುವಾಗ ಕಾರಿನಲ್ಲಿ ಅದೇ ಹಾಡು. ನನಗದು ಬರೀ ಕಿರುಚಾಟ. ಅದಕ್ಕೇ ಹಾಡು ಹುಟ್ಟಿದ ಕಥೆ ಹೇಳಿದ್ದರು. ಹಾಡುಗಾರ ಹೆಂಡತಿಯ ಹುಟ್ಟುಹಬ್ಬ ಮರೆತನಂತೆ, ಅವಳು ಬಾಗಿಲು ಹಾಕಿಕೊಂಡಳಂತೆ, ಅವನು ಗಿಟಾರ್ ಹಿಡಿದು ಮೆಟ್ಟಿಲ ಮೇಲೆ ಕೂತನಂತೆ.

"ಡ್ರಮ್ ಕೇಳ್ತಾ? ಅದು ಬಾಗಿಲು ಬಡಿಯೋದು."

"ನೀವಾಗಿದ್ರೆ ನಾನು ತೆಗೀತಾನೇ ಇರ್ಲಿಲ್ಲ" ಎನ್ನುತ್ತಿದ್ದೆ.

ಅವರು ತೀರಿಕೊಂಡು ಒಂದೂವರೆ ತಿಂಗಳಾದ ಮೇಲೆ, ದುಕ್ಮ್‌ನ ಕೋಣೆಯಲ್ಲಿ ಉಳಿದಿದ್ದ ಅವರ ಬಟ್ಟೆಗಳನ್ನು ಕೊಡಲು ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು ಬಂದರು. ಮಂಗಳೂರು ಕಡೆಯ ಬ್ಯಾರಿಗಳು. ಚಹಾ ಕೊಟ್ಟೆ.

"ಬಸ್ಸಿನಲ್ಲಿ ಮೊಬೈಲ್ ಹಿಡ್ಕೊಂಡು ಒಂದೇ ಪದ್ಯ ಅಕ್ಕ, ಹೋಗ್ಲಿಕ್ಕೂ ಅದೇ, ಬರ್ಲಿಕ್ಕೂ ಅದೇ. ಡ್ರೈವರ್ ಖಲಾಸ್, ಖಲಾಸ್ ಅಂತ ಬೊಬ್ಬೆ ಹಾಕುದು" ಎಂದು ನಕ್ಕರು. "ಆ ಪದ್ಯ ಮಾಡಿದವನ ಕಥೆಯೂ ಹೇಳಿದ್ರು. ಪಾಪ, ಊರೂರು ತಿರುಗಿ ಲಾಡ್ಜಿನಲ್ಲಿ ಮಲಗುವವ. ಹೆಂಡತಿ ಹತ್ರ ಇಲ್ಲದೆ ನಿದ್ರೆ ಬರುದಿಲ್ಲ. ಆ ಡ್ರಮ್ ಉಂಟಲ್ಲ, ಅದು ಅವ ಕೋಣೆಯೊಳಗೆ ಆಚೆ ಈಚೆ ನಡೆಯುವ ಶಬ್ದವಂತೆ."

ಈ ಕಥೆಯನ್ನು ಅವರು ನನಗೆ ಹೇಳಿರಲಿಲ್ಲ.

"ಇವರೂ ಹಾಗೆ ನಡೀತಿದ್ರಾ?" ಎಂದೆ.

ಬಂದವರು ಲೋಟದೊಳಗೆ ನೋಡಿದರು. "ನಮ್ಮದು ಪಕ್ಕದ ರೂಮಲ್ವಾ ಅಕ್ಕ, ಕೇಳ್ತದೆ."

ಎರಡು ವರ್ಷಗಳ ಹಿಂದೆ ಯಜಮಾನರು, ಎಲ್ಲ ಬಿಟ್ಟು ಊರಿಗೆ, ಮೈಸೂರಿಗೆ ಹೋಗಿಬಿಡೋಣವೇ ಎಂದು ಕೇಳಿದ್ದರು. ಮಗಳ ಹತ್ತನೇ ತರಗತಿ ಮುಗಿಯಲಿ ಎಂದವಳು ನಾನು. ಯಾರಿಗೂ ಹೇಳದಿದ್ದ ಇದನ್ನು ಆ ಪರಿಚಯವಿಲ್ಲದವರ ಮುಂದೆ ಹೇಳಿದೆ.

"ಗೊತ್ತುಂಟು. ಹೇಳಿದ್ರು."

"ನನ್ನ ಮೇಲೆ ಕೋಪ ಇತ್ತಾ?"

"ಕೋಪ ಎಂತದ್ದು? ನನ್ನ ಹೆಂಡತಿಯೂ ಅದನ್ನೇ ಹೇಳುದು ಅಂದೆ. ಇಬ್ಬರೂ ನೆಗಾಡಿದ್ದು."

ನಗುತ್ತಿದ್ದರು ಎನ್ನುವುದು ಸಮಾಧಾನವೋ ಅಲ್ಲವೋ ತಿಳಿಯಲಿಲ್ಲ. ಅವರನ್ನು ಲಿಫ್ಟಿನವರೆಗೆ ಬಿಟ್ಟು ಬಂದೆ.

ಮಗಳು ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಅಮ್ಮಾ, ಆ ಸಾಂಗ್ ಸರ್ಚ್ ಮಾಡ್ದೆ. ರಿಯಲ್ ಸ್ಟೋರಿ ಬೇರೆ. ರೆಕಾರ್ಡಿಗೆ ಒಂದು ಹಾಡು ಕಮ್ಮಿ ಬಿತ್ತಂತೆ, ಒಂದೇ ಮಧ್ಯಾಹ್ನದಲ್ಲಿ ಮಾಡ್ಬಿಟ್ರಂತೆ. ವೈಫ್ ಗೈಫ್ ಯಾರೂ ಇಲ್ಲ."

"ಹೂಂ" ಎಂದೆ.

ಅವಳ ಹತ್ತನೇ ತರಗತಿಯ ಪರೀಕ್ಷೆ ಮುಗಿದು ಅಂದಿಗೆ ನಾಲ್ಕು ದಿನ. ಊರಿಗೆ ಯಾವಾಗ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.