ಸೋತ ಲಾರೆನ್ಸಣ್ಣ ಹಿಂದೆ ಸರಿದ ದಿನ

ಮೊನ್ನೆ ಶನಿವಾರ ನಮ್ಮ ಮನೆ ಬದಲಾವಣೆ. ದುಬೈಯ ಅಲ್ ಮುರಕ್ಕಬಾತಿನ ಒಂದು ಕಟ್ಟಡದಿಂದ ಎರಡು ಬೀದಿ ಆಚೆಗಿನ ಇನ್ನೊಂದು ಕಟ್ಟಡಕ್ಕೆ ಅಷ್ಟೆ, ಆದರೂ ಸಾಮಾನು ಸಾಮಾನೇ ತಾನೆ. ಬಾಲ್ಕನಿಯ ಮೂಲೆಯಲ್ಲಿ ಬಹಳ ವರ್ಷಗಳಿಂದ ಯಾರೂ ಮುಟ್ಟದ ಒಂದು ರಟ್ಟಿನ ಪೆಟ್ಟಿಗೆಯಿತ್ತು. ಬಿಸಿಲಿಗೆ ಬೆಂದು ಹೋದ ಅಂಟುಪಟ್ಟಿಯನ್ನು ಕಿತ್ತೆ. ಒಳಗಿನಿಂದ ಲಾರೆನ್ಸಣ್ಣ ನಕ್ಕರು.

ಗಾಬರಿಯಾಗಬೇಡಿ. ಕಾರು ನಿಲ್ಲಿಸಿದಾಗ ಮುಂದಿನ ಗಾಜಿಗೆ ಒಳಗಿನಿಂದ ಅಡ್ಡ ಇಡುವ ಬೆಳ್ಳಿ ಬಣ್ಣದ ಹಾಳೆ ಇರುತ್ತದಲ್ಲ, ಆಗಸ್ಟ್ ತಿಂಗಳಲ್ಲಿ ಅದನ್ನು ಇಡದೆ ಹೋಗಿ ಬಂದು ಸ್ಟೇರಿಂಗ್ ಮುಟ್ಟಿದರೆ ಅಂಗೈ ಹಪ್ಪಳವಾಗುತ್ತದೆ, ಅಂಥ ಹಾಳೆಗಳ ಮೇಲೆ ಅವರ ಮುಖ ಅಚ್ಚು ಹಾಕಿಸಿದ್ದು. ಮುಖದ ಕೆಳಗೆ ‘ನಿಮ್ಮ ಕೈ ಲಾರೆನ್ಸಣ್ಣನಿಗೆ’ ಎಂದು ದಪ್ಪ ಅಕ್ಷರ. ನೂರು ಮಾಡಿಸಿದ್ದೆ. ಎಪ್ಪತ್ತೇಳು ಉಳಿದಿದ್ದವು.

ಮಗಳು ಬಂದು ಒಂದನ್ನು ಬಿಡಿಸಿ ನೋಡಿ, “ಅಪ್ಪಾ, ಹೂ ಈಸ್ ದಿಸ್ ಅಂಕಲ್? ಈಸ್ ಹೀ ಫೇಮಸ್?” ಎಂದಳು.

“ಆಗಬೇಕಿತ್ತು” ಎಂದೆ. ಒಳಗಿನಿಂದ ನನ್ನವಳು, “ರೀ, ಅದನ್ನ ಹೊಸ ಮನೆಗೆ ತರೋದಾದ್ರೆ ನೀವೂ ಅದ್ರ ಜೊತೆ ಬಾಲ್ಕನೀಲೇ ಇರ್ಬೇಕಾಗತ್ತೆ” ಎಂದಳು. ನಾನು ಸಾಮಾನು ಕಟ್ಟುವುದನ್ನು ಬಿಟ್ಟು ಪೆಟ್ಟಿಗೆಯ ಪಕ್ಕದಲ್ಲೇ ಕೂತೆ. ನೀವೂ ಕೂತುಕೊಳ್ಳಿ, ಹೇಗೂ ಸೋಫಾ ಆಗಲೇ ಲಾರಿ ಹತ್ತಿದೆ.

ನಮ್ಮ ಕನ್ನಡ ಬಳಗಕ್ಕೆ ಒಂದು ಹೆಮ್ಮೆಯಿದೆ. ಹುಟ್ಟಿದಂದಿನಿಂದ ಇವತ್ತಿನವರೆಗೆ ಅದರ ಅಧ್ಯಕ್ಷರೆಲ್ಲ ಅವಿರೋಧವಾಗಿ ಆಯ್ಕೆಯಾದವರು. ವಾರ್ಷಿಕ ಸಭೆಯಲ್ಲಿ ಒಂದೇ ಹೆಸರು, ಒಂದೇ ಚಪ್ಪಾಳೆ. ಹಾಗಾದರೆ ನಮ್ಮಲ್ಲಿ ವಿರೋಧವೇ ಇಲ್ಲವೆ ಎಂದು ಕೇಳುತ್ತೀರಿ. ಇದೆ, ಧಾರಾಳವಾಗಿದೆ. ಅದನ್ನೆಲ್ಲ ಸಭೆಗೆ ಮೊದಲಿನ ನಾಲ್ಕು ವಾರಗಳಲ್ಲಿ ಉಪ್ಪಿಟ್ಟಿನ ಜೊತೆ ಮುಗಿಸಿಬಿಡುತ್ತೇವೆ. ದೇರಾ, ಶಾರ್ಜಾ, ಅಬುಧಾಬಿ, ಮದೀನತ್ ಜಾಯೆದ್, ಹೀಗೆ ವಾರಕ್ಕೊಂದು ಕಡೆ ತಿಂಡಿಗೆ ಸೇರುವುದು, ನಿಲ್ಲಬೇಕೆಂದಿರುವವರು ಎರಡು ಮಾತಾಡುವುದು, ಉಳಿದವರು ಕೈ ಎತ್ತುವುದು. ನಾಲ್ಕೂ ಕಡೆಯ ಕೈಗಳನ್ನು ಕೂಡಿಸಿ, ಕಡಿಮೆ ಬಂದವರು “ಹಿರಿಯರ ಮಾತಿಗೆ ಗೌರವ ಕೊಟ್ಟು” ಹಿಂದೆ ಸರಿಯುವುದು. ಆಮೇಲೆ ಅವಿರೋಧ.

ಲಾರೆನ್ಸಣ್ಣ ಕಾರ್ಕಳದ ಕಡೆಯವರು, ಮನೆಮಾತು ಕೊಂಕಣಿ, ಒಂದು ಆಸ್ಪತ್ರೆಯ ಸ್ಟೋರಿನಲ್ಲಿ ಕೆಲಸ. ವೇದಿಕೆ ಎಂದರೆ ಅವರಿಗೆ ಕುರ್ಚಿ ಜೋಡಿಸುವ ಜಾಗ. ಇಂಥವರು ಚುನಾವಣೆಗೆ ನಿಂತದ್ದಕ್ಕೆ ಕಾರಣ ಒಂದು ಬಸ್ಸು. ಮುಹೈಸ್ನಾದ ಕಾರ್ಮಿಕರ ವಸತಿಗಳಿಂದ ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಬಳಗದ ಬಸ್ಸಿನಲ್ಲಿ ನಮ್ಮ ಹುಡುಗರು ಬರುತ್ತಿದ್ದರು. ಹಿಂದಿನ ವರ್ಷ ಕಾರ್ಯಕ್ರಮ ದೊಡ್ಡ ಹೋಟೆಲಿಗೆ ಹೋಯಿತು, ಜಾಗ ಸಾಲದು ಎಂದು ಸಮಿತಿ ಬಸ್ಸನ್ನು ರದ್ದು ಮಾಡಿತು, ಮತ್ತು ಅದನ್ನು ಮುಹೈಸ್ನಾಕ್ಕೆ ಹೇಳಲು ಎಲ್ಲರೂ ಮರೆತರು. ಬಸ್ಸು ಬರುತ್ತದೆ ಎಂದು ಅವರಿಗೆ ಮಾತು ಕೊಟ್ಟಿದ್ದವರು ಲಾರೆನ್ಸಣ್ಣ. ಅವರು ಹೋಟೆಲಿನಲ್ಲಿ ಹೂವಿನ ಕುಂಡ ಸರಿಪಡಿಸುತ್ತಿದ್ದಾಗ ಫೋನು ಬಂತು: “ಸಾರ್, ಇಸ್ತ್ರಿ ಮಾಡ್ಕೊಂಡು ಗೇಟ್ ಹತ್ರ ನಿಂತಿದ್ದೀವಿ. ಬಸ್ಸು ಎಲ್ಲಿಗೆ ಬಂತು?”

ಆ ಪ್ರಶ್ನೆಗೆ ಉತ್ತರ ಹೇಳಲಿಕ್ಕೆ ಆಗಲಿಲ್ಲ ಎನ್ನುವುದು ಅವರೊಳಗೆ ಮುಳ್ಳಿನಂತೆ ಕೂತಿತು. ಅಧ್ಯಕ್ಷನಾದರೆ ಬಸ್ಸು ಬಿಡಿಸಬಹುದು. ಅದಕ್ಕೆ ನಿಂತರು, ಬೇರೆ ಯಾವ ಆಸೆಯೂ ಇರಲಿಲ್ಲ.

ಎದುರಿಗೆ ನಿಂತದ್ದು ಬೆಂಗಳೂರಿನ ಜಯಪ್ರಕಾಶ್. ಒಳಾಂಗಣ ಅಲಂಕಾರದ ಕಂಪನಿ, ಒಳ್ಳೆಯ ಕಂಠ, ಎಲ್ಲರ ಮಕ್ಕಳ ಹೆಸರೂ ನೆನಪಿಟ್ಟುಕೊಳ್ಳುವ ಚಾಳಿ. ಕೆಟ್ಟ ಮನುಷ್ಯನೂ ಅಲ್ಲ, ಹಾಗಾಗಿ ನಮ್ಮ ಕಷ್ಟ ಇನ್ನೂ ಹೆಚ್ಚಿತು. ಲಾರೆನ್ಸಣ್ಣನ ಪ್ರಚಾರದ ಉಸ್ತುವಾರಿ ನನ್ನದು. ಈ ಹುದ್ದೆಯನ್ನು ನನಗೆ ಯಾರೂ ಕೊಡಲಿಲ್ಲ. ಇಂಥ ಹುದ್ದೆಗಳನ್ನು ನಾನು ಕೊಡುವವರೆಗೆ ಕಾಯುವವನಲ್ಲ.

ದೇರಾದಲ್ಲಿ ಕೈಗಳ ಲೆಕ್ಕ ನಲವತ್ತೆರಡಕ್ಕೆ ಒಂಬತ್ತು. ಒಂಬತ್ತರಲ್ಲಿ ನನ್ನದೊಂದು, ನನ್ನವಳದೊಂದು. ಅವಳದೂ ಅರ್ಧವೇ ಎದ್ದಿತ್ತು, ಕೂದಲು ಸರಿಮಾಡಿಕೊಳ್ಳುತ್ತಿದ್ದಳು ಎಂದು ಯಾರೋ ತಕರಾರು ತೆಗೆದರು. ಹೊರಗೆ ಬಂದು ನೋಡಿದರೆ ಜಯಪ್ರಕಾಶರ ಕಾರಿನ ಗಾಜಿನಲ್ಲೂ ಲಾರೆನ್ಸಣ್ಣನ ಮುಖ! “ಇದೇನು ಸಾರ್?” ಎಂದೆ. “ಬಿಸಿಲು ಯಾವ ಪಕ್ಷದ್ದೂ ಅಲ್ಲ ಗುರುವೇ. ಒಳ್ಳೆ ದಪ್ಪ ಇದೆ, ಇನ್ನೊಂದಿದ್ರೆ ಕೊಡಿ, ಹೆಂಡ್ತಿ ಕಾರಿಗೆ” ಎಂದರು. ಕೊಟ್ಟೆ. ಹಂಚಿದ ಇಪ್ಪತ್ತಮೂರರಲ್ಲಿ ಎರಡು ಹೋದದ್ದು ಹೀಗೆ.

ಶಾರ್ಜಾದಲ್ಲಿ ಇಪ್ಪತ್ತೇಳಕ್ಕೆ ಆರು. ಅಲ್ಲಿಂದ ಊರಿಗೆಲ್ಲ ಒಂದೇ ಚರ್ಚೆ: ಲಾರೆನ್ಸಣ್ಣ ಹಿಂದೆ ಸರಿಯಬೇಕಾದದ್ದು ಯಾವಾಗ? ಈಗಲೇ ಎಂದವರಿದ್ದರು. ಅಬುಧಾಬಿ ನೋಡಿಕೊಂಡು ಎಂದವರಿದ್ದರು. ನಿಲ್ಲಲೇಬಾರದಿತ್ತು ಎಂದವರು ನನ್ನ ಮನೆಯಲ್ಲೇ ಇದ್ದರು. “ಊಟ ಮುಗಿದು ಪಾತ್ರೆ ತೊಳೀತಿರೋ ಮನೇಲಿ ಎಲೆ ಹಾಸ್ಕೊಂಡು ಕೂತಿದ್ದೀರಲ್ರೀ” ಎಂದಳು ನನ್ನವಳು. ನಾನು ಟಿಶ್ಯೂ ಕಾಗದದ ಮೇಲೆ ಕೂಡಿ ಕಳೆದು, ಅಬುಧಾಬಿಯಲ್ಲಿ ಎಲ್ಲರೂ ನಮಗೇ ಕೈ ಎತ್ತಿದರೆ, ಜಯಪ್ರಕಾಶರಿಗೆ ಆ ದಿನ ಗಂಟಲು ಕಟ್ಟಿದರೆ, ಇನ್ನೂ ದಾರಿಯಿದೆ ಎಂದು ಸಾಧಿಸಿ ತೋರಿಸಿದೆ.

ಲಾರೆನ್ಸಣ್ಣ ಟಿಶ್ಯೂವನ್ನು ತಿರುಗಿಸಿ ಮುರುಗಿಸಿ ನೋಡಿ, “ನಿನಗೆ ಇದು ಭಾರೀ ಖುಷಿ ಉಂಟಲ್ಲ ಮಾರಾಯ?” ಎಂದರು.

ನಿಜ ಹೇಳುತ್ತೇನೆ, ಇತ್ತು. ಆಫೀಸಿನಲ್ಲಿ ನಾನು ಇನ್ನೊಬ್ಬರು ಬರೆದ ಪತ್ರಕ್ಕೆ ಮೊಹರು ಹಾಕುವವನು. ಇಲ್ಲಿ ಜನ ಫೋನು ಮಾಡಿ “ನಿಮ್ಮ ಮುಂದಿನ ನಡೆ ಏನು?” ಎಂದು ಕೇಳುತ್ತಿದ್ದರು. ಜೀವಮಾನದಲ್ಲಿ ನನಗೆ ಮುಂದಿನ ನಡೆ ಎನ್ನುವುದೊಂದು ಇದ್ದದ್ದು ಆ ನಾಲ್ಕು ವಾರ ಮಾತ್ರ. ಹಾಗಾಗಿ, “ಕೊನೆಯ ಕೈವರೆಗೂ ಹೋರಾಟ” ಎಂದೆ. ಅಬುಧಾಬಿಯಲ್ಲಿ ಮೂವತ್ತೆಂಟಕ್ಕೆ ನಾಲ್ಕಾಯಿತು.

ಇನ್ನು ಉಳಿದದ್ದು ಮದೀನತ್ ಜಾಯೆದ್. ಹನ್ನೊಂದೇ ಕೈಗಳ ಊರು, ದುಬೈಯಿಂದ ಸುಮಾರು ಮೂರು ಗಂಟೆಯ ಮರಳು ದಾರಿ. ಮತ ಕೇಳಲು ಅಲ್ಲಿಗೆ ಯಾವತ್ತೂ ಯಾರೂ ಹೋದವರಲ್ಲ, ತಿಂಡಿಯನ್ನು ಅವರ ಪಾಡಿಗೆ ಬಿಟ್ಟು ಎರಡು ಮಾತನ್ನೂ ಕೈಗಳ ಲೆಕ್ಕವನ್ನೂ ಫೋನಿನಲ್ಲೇ ಮುಗಿಸುವುದು ರೂಢಿ. ಹೋಗುವುದು ಬೇಡವೆಂದು ಲಾರೆನ್ಸಣ್ಣ ಹೇಳಬಹುದೆಂದು ನಾನು ಹೆದರಿದ್ದೆ. ಅವರೇ ಬೆಳಗ್ಗೆ ನನಗಿಂತ ಮೊದಲು ತಯಾರಾಗಿ ಕೆಳಗೆ ನಿಂತಿದ್ದರು. “ಯಲ್ಲಾ, ಹೋಗುವ” ಎಂದರು.

ಅಲ್ಲಿ ನಮ್ಮನ್ನು ಬರಮಾಡಿಕೊಂಡವನು ಮಲ್ಲಪ್ಪ, ರಾಯಚೂರಿನ ಕಡೆಯ ಎಲೆಕ್ಟ್ರಿಷಿಯನ್. “ಬರ್ರಿ ಸರ, ಬರ್ರಿ! ಖರೇನ ಬಂದ್ರಲ್ರೀ!” ಎಂದ. ಹನ್ನೊಂದು ಜನ ಒಂದು ಕೋಣೆಯಲ್ಲಿ ಚಾಪೆ ಹಾಸಿ, ಜೋಳದ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ, ಶೇಂಗಾ ಚಟ್ನಿ ಇಟ್ಟು ಕಾದಿದ್ದರು. ತಿಂದು ಕೈ ತೊಳೆಯಲು ಹೋದೆ. ನಲ್ಲಿಯ ಮುಂದೆ ನಿಂತೇ ಭಾಷಣವನ್ನು ಮನಸ್ಸಿನಲ್ಲಿ ಒಂದು ಸುತ್ತು ಹೇಳಿಕೊಂಡದ್ದರಿಂದ ಸ್ವಲ್ಪ ತಡವಾಯಿತು. ಬಂದವನೇ ಶುರು ಮಾಡಿದೆ. ಮೂವತ್ತು ನಿಮಿಷ. ಗೇಟಿನ ಹತ್ತಿರ ಕಾದ ಹುಡುಗರನ್ನು ತಂದೆ, ಬಾರದ ಬಸ್ಸನ್ನು ತಂದೆ, ಈ ಮನುಷ್ಯ ಎಂದೂ ಹಿಂದೆ ಸರಿಯುವವರಲ್ಲ, ಇವರ ನಿಘಂಟಿನಲ್ಲೇ ಆ ಶಬ್ದವಿಲ್ಲ ಎಂದೆ. ಹನ್ನೊಂದು ಜನ ನನ್ನನ್ನೇ ನೋಡುತ್ತಿದ್ದರು. ಅಷ್ಟೊಂದು ಪ್ರೀತಿಯಿಂದ ಯಾವ ಸಭೆಯೂ ನನ್ನನ್ನು ನೋಡಿಲ್ಲ. ಒಬ್ಬ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡಿದ್ದ, ಅಳು ತಡೆಯುತ್ತಿದ್ದಾನೆ ಎಂದುಕೊಂಡೆ. ಹನ್ನೊಂದು ಕೈಗಳೂ ಎದ್ದವು. ಹನ್ನೊಂದಕ್ಕೆ ಸೊನ್ನೆ!

ಹಿಂತಿರುಗುವಾಗ ನಾನು ಗಾಳಿಯಲ್ಲೇ ಕಾರು ಓಡಿಸುತ್ತಿದ್ದೆ. ಅರ್ಧ ಗಂಟೆ ಆದ ಮೇಲೆ ಲಾರೆನ್ಸಣ್ಣ ನೀರು ಕುಡಿದು ಬಾಟಲಿಯ ಮುಚ್ಚಳ ಹಾಕಿ, “ಖಲಾಸ್ ಮಾರಾಯ. ನಾನು ಹಿಂದೆ ಸರಿದೆ” ಎಂದರು. ಗೆದ್ದ ದಿನವೇ! ಗಾಳಿ ನಮ್ಮ ಕಡೆ ತಿರುಗಿದ ದಿನವೇ! ಒಟ್ಟು ಲೆಕ್ಕದಲ್ಲಿ ನೂರೇಳಕ್ಕೆ ಮೂವತ್ತು ಎನ್ನುವುದನ್ನು ನಾನು ಮರೆತೇಬಿಟ್ಟಿದ್ದೆ. ದುಬೈ ಬರುವವರೆಗೆ ರೇಡಿಯೊ ಜೋರು ಮಾಡಿ ಓಡಿಸಿದೆ. ಆಮೇಲೂ ನಾಲ್ಕು ತಿಂಗಳು ಮುಖ ಊದಿಸಿಕೊಂಡಿದ್ದೆ.

ಆ ವರ್ಷದ ರಾಜ್ಯೋತ್ಸವಕ್ಕೆ ಮುಹೈಸ್ನಾದಿಂದ ಎರಡು ಬಸ್ಸು ಬಂದವು. ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಲಾರೆನ್ಸಣ್ಣನ ಮೇಲಿನ ಸಿಟ್ಟಿಗೆ, “ಕೇಳದೆಯೇ ಬಸ್ಸು ಕಳಿಸಿದ ವಿಶಾಲ ಹೃದಯದ ಅಧ್ಯಕ್ಷರು” ಎಂದು ಜಯಪ್ರಕಾಶರನ್ನು ಎರಡು ಸಲ ಹೊಗಳಿದೆ. ಜಯಪ್ರಕಾಶರು ಯಾಕೋ ತಲೆ ತಗ್ಗಿಸಿದರು. ವಿನಯ ಎಂದುಕೊಂಡೆ.

ಬಾಲ್ಕನಿಯಲ್ಲಿ ಕೂತು ಇಷ್ಟೆಲ್ಲ ನೆನೆಸಿಕೊಂಡು, ಲಾರೆನ್ಸಣ್ಣನಿಗೆ ಫೋನು ಹಚ್ಚಿದೆ. ಸಿಟ್ಟು ಯಾವತ್ತೋ ಇಳಿದಿತ್ತು, ಆದರೆ ಈ ಮಾತನ್ನು ನಾವು ಎತ್ತಿದ್ದೇ ಇಲ್ಲ. “ಲಾರೆನ್ಸಣ್ಣ, ಹನ್ನೊಂದಕ್ಕೆ ಹನ್ನೊಂದು ಬಂದ ದಿನ ಯಾಕೆ ಕೈಬಿಟ್ಟಿರಿ? ಇವತ್ತಾದರೂ ಹೇಳಿ.”

“ಆ ದಿನ ಎಲ್ಲಿ ಬಿಟ್ಟದ್ದು? ಶಾರ್ಜಾ ಆದ ಸೋಮವಾರವೇ ಜಯಪ್ರಕಾಶನ ಆಫೀಸಿಗೆ ಹೋಗಿ ಹೇಳಿ ಬಂದಿದ್ದೆ. ನಾನು ಬಿಡ್ತೇನೆ, ನೀನು ಎರಡು ಬಸ್ಸು ಬಿಡು ಅಂತ. ಕೈ ಕುಲುಕಿ ಒಪ್ಪಿದ. ಅಬುಧಾಬಿ ಆದ ಮೇಲೆ ಹೋಗಿದ್ರೆ ಅವ ಚಾ ಆದ್ರೂ ಕೊಡ್ತಿದ್ನಾ ಹೇಳು? ಹದಿನೈದು ಕೈ ಇರುವಾಗ ನನ್ನ ಸೋಲಿಗೆ ಸ್ವಲ್ಪ ಬೆಲೆ ಇತ್ತು.”

“ಮತ್ತೆ ಮದೀನತ್ ಜಾಯೆದಿಗೆ ಯಾಕೆ ಹೋದದ್ದು?”

“ಹನ್ನೊಂದು ಜನ ಶಿಫ್ಟ್ ಬದಲು ಮಾಡಿಕೊಂಡು ಕಾಯ್ತಿದ್ರಲ್ಲ. ಬರ್ತೇನೆ ಅಂತ ಹೇಳಿ ಹೋಗದೆ ಇರುದು ನನ್ನಿಂದ ಇನ್ನೊಮ್ಮೆ ಆಗ್ತಿರ್ಲಿಲ್ಲ ಮಾರಾಯ.”

ಮಗಳು ಬಿಡಿಸಿಟ್ಟಿದ್ದ ಹಾಳೆಯನ್ನು ಮಡಚಿ ಪೆಟ್ಟಿಗೆಗೆ ಹಾಕಿದೆ. ಆಮೇಲೆ, “ಅವರಿಗೂ ಸುಳ್ಳು ಹೇಳಿದ ಹಾಗಾಯಿತಲ್ಲ?” ಎಂದೆ.

“ಸುಳ್ಳು ಎಂತದ್ದು? ನೀನು ಕೈ ತೊಳೀಲಿಕ್ಕೆ ಹೋದಾಗ ಎಲ್ಲ ಹೇಳಿದೆ.”

“ಅಂದರೆ... ನಾನು ಭಾಷಣ ಮಾಡುವಾಗ...”

“ಎಲ್ಲರಿಗೂ ಗೊತ್ತಿತ್ತು. ನಾನು ನಿನ್ನನ್ನು ನಿಲ್ಲಿಸ್ಲಿಕ್ಕೆ ಎದ್ದೆ. ಮಲ್ಲಪ್ಪ ನನ್ನ ಅಂಗಿ ಎಳೆದು ಕೂರಿಸಿದ. ‘ಮಾತಾಡ್ಲಿ ಬಿಡ್ರಿ ಸರ, ಪಾಪ, ಅಷ್ಟ್ ದೂರದಿಂದ ಬಂದಾರ’ ಅಂದ.”

ನಾನು ನಗಲಿಕ್ಕೆ ಶುರು ಮಾಡಿದೆ. ನಗು ನಿಲ್ಲಲಿಲ್ಲ. ನನ್ನವಳು ಕೈಯಲ್ಲಿ ಕುಕ್ಕರಿನ ಮುಚ್ಚಳ ಹಿಡಿದು ಏನಾಯಿತೆಂದು ನೋಡಲು ಬಂದಳು. ಅಭ್ಯರ್ಥಿ ಎರಡನೆಯ ವಾರವೇ ಹಿಂದೆ ಸರಿದಿದ್ದ ಆ ಚುನಾವಣೆಯಲ್ಲಿ ಇಷ್ಟು ವರ್ಷ ನಿಂತೇ ಇದ್ದವನು ನಾನೊಬ್ಬನೇ ಎಂದು ಅವಳಿಗೆ ಹೇಗೆ ವಿವರಿಸುವುದು?

“ನಗುದು ಸಾಕು” ಎಂದರು ಫೋನಿನಲ್ಲಿ ಲಾರೆನ್ಸಣ್ಣ. “ಈ ಸಲ ಮೂರು ಬಸ್ಸು ಉಂಟು. ಮುಹೈಸ್ನಾದಲ್ಲಿ ಗೇಟಿನ ಹತ್ರ ನಿಂತು ಜನ ಹತ್ತಿಸ್ಲಿಕ್ಕೆ ಒಬ್ಬ ಬೇಕು. ಬರ್ತೀಯಾ?”

“ಬರ್ತೇನೆ” ಎಂದೆ.

“ಬಾ. ಆದ್ರೆ ಭಾಷಣ ಇಲ್ಲ, ಆಯ್ತಾ? ಹೆಸರು ಕರೆಯುದು, ಹತ್ತಿಸುದು, ಅಷ್ಟೇ.”