ಬಾಲದ ಸುರುಳಿ

ಅಮ್ಮ ಇರುವವರೆಗೆ ಅಕ್ಕನಿಗೂ ನನಗೂ ಫೋನಿನಲ್ಲಿ ಮಾತಿಗೆ ಬರವಿರಲಿಲ್ಲ. ಅಮ್ಮನ ಬಿಪಿ, ಅಮ್ಮನ ಮಾತ್ರೆ, ಅಮ್ಮ ಸರಿಯಾಗಿ ಉಣ್ಣುವುದಿಲ್ಲವೆಂಬ ದೂರು. ಅಮ್ಮ ಹೋದ ಮೇಲೆ, ಜಗಳವೇನೂ ಆಡದೆಯೇ ನಮ್ಮ ಮಾತು ನಿಂತುಹೋಯಿತು. ನನ್ನ ಮರಳೂರಿನಿಂದ ಅವಳ ಗುಬ್ಬಿ ಏನು ದೂರವೇ? ಆದರೂ ಸುಮ್ಮನೆ ಹೋಗಿ ಬಾಗಿಲು ತಟ್ಟುವ ಜಾಯಮಾನ ನಮ್ಮ ಮನೆಯವರದಲ್ಲ. ನಮಗೆ ಎಲ್ಲಕ್ಕೂ ಒಂದು ನೆಪ ಬೇಕು.

ಹಕ್ಕಿ ಆ ನೆಪವಾಯಿತು. ಅಕ್ಕ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು. ಕೆರೆಯಲ್ಲಿ ಕಂಡ ಹಕ್ಕಿಯ ಫೋಟೋ ಕಳಿಸಿದರೆ ತಕ್ಷಣ ಫೋನ್ ಮಾಡುತ್ತಿದ್ದಳು. ಕೊಕ್ಕು ಹೇಗಿದೆ, ಕಾಲಿನ ಬಣ್ಣ ಯಾವುದು, ಬಾಲ ನೋಡಿದೆಯಾ ಎಂದು, ಬೆಂಚಿನ ಮೇಲೆ ನಿಲ್ಲಿಸಿ ಕೇಳುವ ಹಾಗೆ ಕೇಳುತ್ತಿದ್ದಳು. ಹೀಗೆ ಹಾವಕ್ಕಿ, ನೀರುಕಾಗೆ, ನಾಮದ ಕೋಳಿ ಎಲ್ಲ ನನಗೆ ಗೊತ್ತಾದವು. ಗೊತ್ತಾಗಿದ್ದೇ ತಪ್ಪಾಯಿತು, ಕೇಳಲು ಏನೂ ಉಳಿಯಲಿಲ್ಲ. ನನ್ನದು ಒಂಟಿ ಜೀವ. ಭಾನುವಾರ ಉಂಡು ತಟ್ಟೆ ತೊಳೆದಿಟ್ಟರೆ ಮತ್ತೆ ಬಾಯಿ ತೆರೆಯುವ ಕೆಲಸವೇ ಇರುವುದಿಲ್ಲ.

ಕಳೆದ ಚಳಿಗಾಲದಲ್ಲಿ ಅಂಥದೇ ಒಂದು ಭಾನುವಾರ ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೆ ನಿಂತಿದ್ದೆ. ಕಾಡುಬಾತುಗಳ ಗುಂಪಿನ ಆಚೆಗೆ ವಿಚಿತ್ರವಾದ ಹಕ್ಕಿಯೊಂದು ತೇಲುತ್ತಿತ್ತು. ಹಸಿರು ಮಿಂಚುವ ತಲೆ, ಕೂಸಿಗೆ ಜೊಲ್ಲುಬಟ್ಟೆ ಕಟ್ಟಿದಂತೆ ಎದೆಯ ಮೇಲೆ ಬಿಳಿ, ಧಡೂತಿ ಮೈ. ಅದು ಹತ್ತಿರ ಹೋದರೆ ಗುಂಪು ಸರಿದುಕೊಳ್ಳುತ್ತಿತ್ತು. ನನಗಂತೂ ಖುಷಿ. ಇದು ಗೊತ್ತಿಲ್ಲದ ಹಕ್ಕಿ, ಅಕ್ಕನನ್ನು ಕೇಳಬಹುದು.

ಫೋಟೋ ತೆಗೆದು ಹಿಗ್ಗಿಸಿ ನೋಡಿದೆ. ಬಾಲದ ಮೇಲೆ ಗರಿಗಳು ಸುರುಳಿ ಸುತ್ತಿದ್ದವು. ನಮ್ಮ ಕೆರೆಗಳಲ್ಲಿ ಆ ಸುರುಳಿ ಕಂಡರೆ ಮನೆಯಲ್ಲಿ ಸಾಕಿದ ಗಂಡು ಬಾತೆಂದೇ ತಿಳಿ ಎಂದು ಅಕ್ಕನೇ ಹಿಂದೊಮ್ಮೆ ಹೇಳಿದ್ದಳು. ಯಾರೋ ಸಾಕಲಾರದೆ ತಂದು ಬಿಟ್ಟುಹೋಗಿದ್ದರು. ಅಳು ಬರುವಷ್ಟು ಬೇಜಾರಾಯಿತು.

ಆದರೂ ಕಳಿಸಿದೆ, ಇದ್ಯಾವ ಹಕ್ಕಿ ಎಂದು ಕೇಳಿ.

ಫೋನ್ ಬಂತು. ಕೊಕ್ಕು ಕೇಳಿದಳು, ಹೇಳಿದೆ. ಕಾಲು ನೀರಿನೊಳಗಿದೆ ಎಂದೆ. ಬಾಲ ಕೇಳಿದಾಗ ಸರಿಯಾಗಿ ಕಾಣುತ್ತಿಲ್ಲವೆಂದೆ.

"ಫೋಟೋದಲ್ಲಿ ನಂಗೇ ಕಾಣ್ತಿದೆಯಲ್ಲೋ," ಎಂದಳು. "ಅದು ಸಾಕಿದ ಬಾತು ಅಂತ ನಿಂಗೂ ಗೊತ್ತು."

ಸಿಕ್ಕಿಬಿದ್ದೆ. ಅವಳ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಇನ್ನೇನು ಫೋನ್ ಇಡುತ್ತಾಳೆ ಅಂದುಕೊಂಡೆ. ಇಡಲಿಲ್ಲ.

"ಹೋದ್ ವಾರ ನಾನೂ ಇಲ್ಲಿ ಕೆರೆ ಹತ್ರ ಒಂದು ಫೋಟೋ ತೆಗ್ದೆ, ನಿಂಗೆ ಕಳ್ಸೋಣ ಅಂತ," ಎಂದಳು ಮೆಲ್ಲಗೆ. "ನೋಡಿದ್ರೆ ಬರೀ ಬೆಳ್ಳಕ್ಕಿ. ಅದನ್ನೇನು ಕಳ್ಸೋದು ಅಂತ ಸುಮ್ನಾದೆ ಕಣೋ."

"ಕಳ್ಸಕ್ಕ," ಎಂದೆ. "ಯಾವ ಹಕ್ಕಿ ಅಂತ ನೋಡಿ ಹೇಳ್ತೀನಿ."