ಎರಡು ಡಿಸ್ಕಿಗೆ ಒಂದೇ ನಂಬರು

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಪುಟ ಜೋಡಿಸುತ್ತಿದ್ದವಳು ಗದಗಿನ ಕಡೆಯಿಂದ ಬಂದ ಹೆಂಗಸು. ನಿವೃತ್ತ ಮೇಷ್ಟ್ರೊಬ್ಬರ ದಪ್ಪ ಪುಸ್ತಕವನ್ನು, ಅವರ ಕೋಳಿಕಾಲಿನ ಅಕ್ಷರ ಓದಿಕೊಂಡು, ನಾಲ್ಕು ತಿಂಗಳು ಕೂತು ಟೈಪು ಮಾಡಿದ್ದಳು.

ಎಲ್ಲರ ಫೈಲುಗಳೂ ಇರುವ ಸರ್ವರಿನಲ್ಲಿ ಎರಡು ಡಿಸ್ಕು: ಒಂದು ಕೆಲಸಕ್ಕೆ, ಇನ್ನೊಂದು ಅದರ ಬ್ಯಾಕಪ್ಪಿಗೆ. ಹಳೆಯ ಬ್ಯಾಕಪ್ ಡಿಸ್ಕು ಕೆಟ್ಟಿದ್ದರಿಂದ ಹದಿನೈದು ದಿನದ ಹಿಂದೆ ಹೊಸದು ಹಾಕಿದ್ದೆ. ಒಂದು ಬೆಳಿಗ್ಗೆ ಆಕೆಗೆ ಹೇಳಿದೆ, "ಬ್ಯಾಕಪ್ಪಲ್ಲಿರೋ ಆ ಪುಸ್ತಕ ಡಿಲೀಟ್ ಮಾಡಿ. ಹೊಸದಾಗಿ ಕಾಪಿ ಹಾಕ್ತೀನಿ."

"ಖರೇನ ಅಳಿಸ್ಲೇನ್ರಿ?"

"ಮಾಡಿ, ಏನೂ ಆಗಲ್ಲ."

ಅಳಿಸಿದಳು. ನೋಡಿದರೆ ಮೂಲವೇ ಮಾಯ. ಬ್ಯಾಕಪ್ ಡಿಸ್ಕನ್ನು ಸರ್ವರಿನಲ್ಲೇ ತೆರೆದು ನೋಡಿದೆ, ಪುಸ್ತಕ ಅಲ್ಲೂ ಇರಲಿಲ್ಲ.

ಮಾಲೀಕರು ಕೂಗಾಡುತ್ತಾ ಬಂದರು. ಆಕೆ ನನ್ನ ಮುಖ ನೋಡಿದಳು. "ಬ್ಯಾಕಪ್ಪಿಂದ ತೆಗೀರಿ ಅಂದಿದ್ದೆ ಸಾರ್. ಇವರು ಮೂಲಕ್ಕೂ ಕೈ ಹಾಕಿರಬೇಕು" ಎಂದೆ. ಆಗ ಹಾಗೆಂದೇ ನಂಬಿದ್ದೆ.

"ಇಲ್ರೀ ಸಾರ್, ಬ್ಯಾಕಪ್ಪಿನಾಗ ಹೋಗಿದ್ನಿ" ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನದೊಳಗೆ ಆಕೆಯ ಕುರ್ಚಿ ಖಾಲಿಯಾಯಿತು.

ಸಂಜೆ ಸರ್ವರಿನ ಸೆಟ್ಟಿಂಗ್ ತೆರೆದೆ. ಡಿಸ್ಕನ್ನು ನೆಟ್‌ವರ್ಕಿನಲ್ಲಿ ಹಂಚುವಾಗ ಪ್ರತಿಯೊಂದಕ್ಕೂ ಬೇರೆ ಗುರುತಿನ ನಂಬರು ಕೊಡಬೇಕು. ಸರ್ವರು ಹೆಸರು ನೋಡುವುದಿಲ್ಲ, ಆ ನಂಬರು ನೋಡಿ ಡಿಸ್ಕು ಹುಡುಕುತ್ತದೆ. ನಾನು ಮೊದಲ ಡಿಸ್ಕಿನ ಸಾಲನ್ನೇ ಕಾಪಿ ಮಾಡಿ, ಹೆಸರು ಬದಲಿಸಿ, ನಂಬರು ಹಾಗೇ ಬಿಟ್ಟಿದ್ದೆ. ಆಕೆಯ ಕಂಪ್ಯೂಟರಿನಲ್ಲಿ ಯಾವುದನ್ನು ತೆರೆದರೂ ಸಿಗುತ್ತಿದ್ದುದು ಮೊದಲ ಡಿಸ್ಕೇ. ನೆಟ್‌ವರ್ಕಿನ ಮೂಲಕ ದಿನವೂ ನಡೆಯುತ್ತಿದ್ದ ಬ್ಯಾಕಪ್ಪೂ ಅದರ ಮೇಲೆಯೇ ಬೀಳುತ್ತಿತ್ತು; ಹೊಸ ಡಿಸ್ಕಿಗೆ ಏನೂ ಹೋಗಿರಲೇ ಇಲ್ಲ.

ನಂಬರು ಸರಿಮಾಡಿದೆ. ಬಾಯಿ ಮಾತ್ರ ಒಂಬತ್ತು ದಿನ ಬಿಡಲಿಲ್ಲ.

ಕೊನೆಗೆ ಹೇಳಿದಾಗ ಮಾಲೀಕರು, "ಈಗ್ಯಾಕ್ರೀ ಅದು? ಇನ್ನೊಬ್ರು ಬಂದಾಯ್ತಲ್ಲ" ಎಂದರು.

ಆಕೆಯನ್ನು ಹುಡುಕಿಕೊಂಡು ಹೋದೆ. ನಾಯಂಡಹಳ್ಳಿಯ ಒಂದು ಗೋಡೌನಿನಲ್ಲಿ ಡಬ್ಬಗಳಿಗೆ ಲೇಬಲ್ ಅಂಟಿಸುತ್ತಿದ್ದಳು. ಕೈ ನಿಲ್ಲಿಸದೆ ಕೇಳಿಸಿಕೊಂಡಳು. "ನಂದು ತಪ್ಪಿಲ್ಲಂತ ನನಗ ಗೊತ್ತೈತ್ರಿ. ನನಗ್ಯಾಕ ಹೇಳ್ತೀರಿ? ಮೇಷ್ಟ್ರಿಗೆ ಹೇಳೀರೇನು?"

ಹೇಳಿರಲಿಲ್ಲ. ಅಲ್ಲಿಂದಲೇ ಚಂದ್ರಾ ಲೇಔಟಿನ ಅವರ ಮನೆಗೆ ಹೋದೆ. ಮೇಷ್ಟ್ರು ಬಾಗಿಲಲ್ಲೇ ನಿಂತು ಎಲ್ಲ ಕೇಳಿದರು.

"ಆ ಹುಡುಗಿಗೆ ಫೋನ್ ಮಾಡಿ ಬಾಯಿಗೆ ಬಂದಂಗೆ ಬೈದುಬಿಟ್ಟೆನಲ್ಲಪ್ಪಾ" ಎಂದರು. ನನ್ನನ್ನು ಒಳಗೆ ಕರೆಯಲಿಲ್ಲ.